ಕೋಬಾಲ್ ಕಲಿಯುವವರಿಗೆ: ಎರರ್ ಬಂದಾಗ, ಬರದೇ ಇದ್ದಾಗ ಎಲ್ಲಿ ಹುಡುಕಬೇಕು

ಕೋಬಾಲ್ ಅನ್ನೋ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಎರಡೇ ಕಡೆ. ಅಕ್ಷರ ಯಾವ ಕಾಲಂನಲ್ಲಿ ಕೂತಿದೆ ಅನ್ನೋದು ಒಂದು. ಫುಲ್‌ಸ್ಟಾಪ್ ಎಲ್ಲಿದೆ ಅನ್ನೋದು ಇನ್ನೊಂದು. ಲಾಜಿಕ್ ತಪ್ಪಿದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇವೆರಡನ್ನು ನೋಡಿ. ಕಾಮೆಂಟ್, ಅಂದರೆ ಓದುವವರಿಗಾಗಿ ಬರೆದ, ಓಡದ ಸಾಲು ಕೂಡ ಇಲ್ಲಿ ಸಾಧು ಪ್ರಾಣಿಯಲ್ಲ. ಒಂದು ಸಾಲನ್ನು ಕಾಮೆಂಟ್ ಮಾಡಿದ್ದಕ್ಕೇ ಕೆಳಗಿನ ಲೆಕ್ಕ ತಪ್ಪುವ ಭಾಷೆ ಇದು.

ಕೆಳಗಿನ ಕೋಡ್ ಸಾಲುಗಳನ್ನು ಓದೋದಕ್ಕೆ ಸುಲಭ ಆಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರವೋ ಸಣ್ಣಕ್ಷರವೋ ಅಂತ ಕೋಬಾಲ್ ತಲೆ ಕೆಡಿಸಿಕೊಳ್ಳಲ್ಲ. ಕೋಟ್ ಒಳಗಿನ ಪಠ್ಯ ಮಾತ್ರ ಬರೆದ ಹಾಗೇ ಉಳಿಯುತ್ತದೆ.

ಶುರು ಮಾಡುವ ಮೊದಲು

ಫೈಲಿನ ಒಂದು ಪ್ರತಿ ಮಾಡಿ ಪಕ್ಕಕ್ಕಿಡಿ. ಆಮೇಲೆ ಎಡಿಟರ್‌ನಲ್ಲಿ ಮೂರು ಸೆಟ್ಟಿಂಗ್ ಬದಲಾಯಿಸಿ: ಕಾಲಂ ನಂಬರ್ ಕಾಣುವಂತಿರಲಿ, 7 ಮತ್ತು 72ನೇ ಕಾಲಂನಲ್ಲಿ ಗೆರೆ ಬರಲಿ, ಟ್ಯಾಬ್ ಕೀ ಒತ್ತಿದರೆ ಸ್ಪೇಸ್‌ಗಳೇ ಬೀಳಲಿ. ಟ್ಯಾಬ್ ಅಕ್ಷರವನ್ನು ಎಡಿಟರ್ 4 ಕಾಲಂ ಅಂತ ತೋರಿಸಬಹುದು, ಕಂಪೈಲರ್ (ನಿಮ್ಮ ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) 8 ಅಂತ ಎಣಿಸಬಹುದು. ಆಗ ನಿಮ್ಮ ಕಣ್ಣಿಗೆ ಕಾಣೋದೇ ಬೇರೆ, ಕಂಪೈಲರ್ ಓದೋದೇ ಬೇರೆ.

ಹಳೆಯ ಶೈಲಿಯ, ಅಂದರೆ ಫಿಕ್ಸೆಡ್ ಫಾರ್ಮ್ಯಾಟ್‌ನ ಸಾಲು ಹೀಗೆ ಹಂಚಿಹೋಗಿರುತ್ತದೆ:

1 ರಿಂದ 6: ಸಾಲಿನ ನಂಬರ್‌ಗೆ ಮೀಸಲು. ಇಲ್ಲಿ ಏನಿದ್ದರೂ ಕಂಪೈಲರ್ ಅದನ್ನು ಕೋಡ್ ಅಂತ ಓದಲ್ಲ.
7: ಸೂಚಕ ಕಾಲಂ. ಖಾಲಿ ಇದ್ದರೆ ಮಾಮೂಲಿ ಸಾಲು. ಸ್ಟಾರ್ (*) ಇದ್ದರೆ ಕಾಮೆಂಟ್. ಓರೆಗೆರೆ (/) ಇದ್ದರೂ ಕಾಮೆಂಟೇ, ಆದರೆ ಲಿಸ್ಟಿಂಗ್‌ನಲ್ಲಿ (ಕಂಪೈಲರ್ ಕೊಡುವ ಕೋಡ್‌ನ ಪಟ್ಟಿ) ಹೊಸ ಪುಟ ಶುರುವಾಗುತ್ತದೆ. ಹೈಫನ್ ಇದ್ದರೆ ಹಿಂದಿನ ಸಾಲಿನ ಮುಂದುವರಿಕೆ. ಡಿ ಅಕ್ಷರ ಇದ್ದರೆ ಡೀಬಗ್ ಸಾಲು, ಅಂದರೆ ದೋಷ ಹುಡುಕುವಾಗ ಮಾತ್ರ ಓಡುವ ಸಾಲು.
8 ರಿಂದ 11: ಏರಿಯಾ ಎ. ಪ್ರೋಗ್ರಾಂನ ಭಾಗಗಳಾದ ಡಿವಿಷನ್, ಸೆಕ್ಷನ್, ಪ್ಯಾರಾಗಳ ಹೆಸರು, ಡೇಟಾ ಘೋಷಿಸುವ 01 ಲೆವೆಲ್ ಇಲ್ಲಿ ಶುರುವಾಗಬೇಕು.
12 ರಿಂದ 72: ಏರಿಯಾ ಬಿ. ಮೂವ್ (ಬೆಲೆ ನಕಲು ಮಾಡು), ಇಫ್ (ಷರತ್ತು), ಡಿಸ್‌ಪ್ಲೇ (ಪರದೆಗೆ ತೋರಿಸು) ಎಲ್ಲ ಇಲ್ಲಿ.
73 ರಿಂದ 80: ಕಂಪೈಲರ್ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ.

80 ಕಾಲಂನ ಪಂಚ್ ಕಾರ್ಡ್ ಕಾಲದ ಅಳತೆ ಇದು. ಕಾರ್ಡ್ ಹೋಗಿ ಎಷ್ಟೋ ಕಾಲ ಆಯಿತು, ಅಳತೆ ಮಾತ್ರ ಉಳಿದಿದೆ. ಕಾಲಂನ ಹಂಗಿಲ್ಲದ ಫ್ರೀ ಫಾರ್ಮ್ಯಾಟ್ 2002ರ ಸ್ಟ್ಯಾಂಡರ್ಡ್‌ನಲ್ಲಿ ಬಂತು. ಆದರೂ ಕೆಲಸದ ಜಾಗದಲ್ಲಿ ನಿಮ್ಮ ಕೈಗೆ ಬರುವ ಹಳೆಯ ಪ್ರೋಗ್ರಾಂ ಫಿಕ್ಸೆಡ್ ಆಗಿರುವ ಸಾಧ್ಯತೆಯೇ ಜಾಸ್ತಿ.

ಲಕ್ಷಣ: ಕಂಪೈಲ್ ಮಾಡಿದ ಕೂಡಲೇ ಎರರ್‌ಗಳ ಮಳೆ

ಇಪ್ಪತ್ತು ಸಾಲಿನ ಪ್ರೋಗ್ರಾಂಗೆ ನಲವತ್ತು ಎರರ್ ಬಂದರೆ ಗಾಬರಿ ಬೇಡ. ಅಷ್ಟು ತಪ್ಪನ್ನು ಯಾರೂ ಮಾಡಿರಲ್ಲ. ಒಂದು ತಪ್ಪು ಆಗಿರುತ್ತದೆ, ಕಂಪೈಲರ್ ಅಲ್ಲಿಂದ ದಾರಿ ತಪ್ಪಿರುತ್ತದೆ, ಅಷ್ಟೇ. ಮೊದಲನೇ ಎರರ್ ಮಾತ್ರ ಓದಿ, ಸರಿ ಮಾಡಿ, ಮತ್ತೆ ಕಂಪೈಲ್ ಮಾಡಿ.

ಪ್ರತಿ ಸಾಲಿಗೂ ಏಳನೇ ಕಾಲಂನಲ್ಲಿ ತಪ್ಪು ಸೂಚಕ ಇದೆ ಅಂತ ಗೊಣಗುತ್ತಿದೆಯಾ? ಹಾಗಾದರೆ ಕೋಡ್‌ನಲ್ಲಿ ತಪ್ಪೇ ಇಲ್ಲದಿರಬಹುದು. ನೀವು ಎಡ ಅಂಚಿನಿಂದಲೇ ಬರೆದಿದ್ದೀರಿ, ಕಂಪೈಲರ್ ಫಿಕ್ಸೆಡ್ ಅಂತ ಓದುತ್ತಿದೆ. ಗ್ನು ಕೋಬಾಲ್ ಅನ್ನೋ ಉಚಿತ ಕಂಪೈಲರ್‌ನ 2 ಮತ್ತು 3ನೇ ಸರಣಿಯವು ಏನೂ ಹೇಳದಿದ್ದರೆ ಫಿಕ್ಸೆಡ್ ಅಂತಲೇ ಓದುತ್ತವೆ. ಕಂಪೈಲ್ ಮಾಡುವ ಆಜ್ಞೆಗೆ ‘-ಫ್ರೀ’ ಸೇರಿಸಿ ನೋಡಿ. ಮಳೆ ನಿಂತರೆ ಸಮಸ್ಯೆ ಅದೇ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ನಿಲ್ಲಲಿಲ್ಲವಾ? ಮೊದಲನೇ ಎರರ್ ಬಂದ ಸಾಲಿನ ಮೇಲಿನ ಸಾಲು ನೋಡಿ. ಕಂಪೈಲರ್‌ಗೆ ತಪ್ಪು ಗೊತ್ತಾಗೋದು ಅದು ನಡೆದ ಜಾಗದಲ್ಲಿ ಅಲ್ಲ, ಮುಂದಿನ ಪದ ಕಂಡಾಗ. ಪ್ರೋಗ್ರಾಂ-ಐಡಿ ಸಾಲಿನಲ್ಲಿ, ಡಿವಿಷನ್ ಹೆಸರಿನ ಕೊನೆಯಲ್ಲಿ, 01 ಲೆವೆಲ್‌ನ ಸಾಲಿನ ಕೊನೆಯಲ್ಲಿ ಫುಲ್‌ಸ್ಟಾಪ್ ಬಿಟ್ಟುಹೋಗಿದೆಯಾ ನೋಡಿ. ಆಮೇಲೆ ಕೋಟ್. ವೆಬ್ ಪುಟದಿಂದಲೋ ವರ್ಡ್ ಫೈಲಿನಿಂದಲೋ ಕಾಪಿ ಮಾಡಿದ ಕೋಡ್‌ನಲ್ಲಿ ಬಾಗಿದ ಕೋಟ್ ಬಂದುಬಿಟ್ಟಿರುತ್ತದೆ. ಕಂಪೈಲರ್‌ಗೆ ಬೇಕಾದದ್ದು ಕೀಬೋರ್ಡಿನ ನೆಟ್ಟಗಿನ ಕೋಟ್. ಒಂಟಿ ಕೋಟ್ ಆದರೂ ಸರಿ, ಜೋಡಿ ಕೋಟ್ ಆದರೂ ಸರಿ, ತೆರೆದದ್ದರಿಂದಲೇ ಮುಚ್ಚಬೇಕು.

ಐಬಿಎಂ ಮೇನ್‌ಫ್ರೇಮ್‌ನ (ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ಕಂಪೈಲರ್ ಆದರೆ ಪ್ರತಿ ಸಂದೇಶದ ಸಂಖ್ಯೆಯ ಕೊನೆಗೆ ಒಂದು ಅಕ್ಷರ ಇರುತ್ತದೆ. ಐ ಅಂದರೆ ಬರೀ ಮಾಹಿತಿ. ಡಬ್ಲ್ಯು ಎಚ್ಚರಿಕೆ, ರಿಟರ್ನ್ ಕೋಡ್ (ಕೊನೆಗೆ ಕಂಪೈಲರ್ ಕೊಡುವ ಫಲಿತಾಂಶದ ಸಂಖ್ಯೆ) 4. ಇ ಅಂದರೆ ತಪ್ಪು, 8. ಎಸ್ ಗಂಭೀರ, 12. ಯು ಅಂದರೆ ಕಂಪೈಲರೇ ಕೈಚೆಲ್ಲಿದೆ, 16. ಎಸ್ ಇರುವ ಮೊದಲನೇ ಸಂದೇಶದಿಂದ ಶುರು ಮಾಡಿ. 4 ಬಂದರೆ ಪರವಾಗಿಲ್ಲ ಅಂತ ಮುಂದೆ ಹೋಗುವ ಅಭ್ಯಾಸ ಎಲ್ಲ ಕಡೆ ಇದೆ, ಆದರೆ ಕಲಿಯುವಾಗ ಡಬ್ಲ್ಯು ಸಂದೇಶವನ್ನೂ ಓದಿ. ಕೆಳಗೆ ಬರುವ ಕೆಲವು ತಪ್ಪುಗಳ ಸುಳಿವು ಸಿಗುವುದು ಅಲ್ಲಿ ಮಾತ್ರ.

ಲಕ್ಷಣ: ಕಾಮೆಂಟ್ ಹಾಕಿದ್ದೇನೆ, ಆದರೂ ಆ ಸಾಲು ಓಡುತ್ತಿದೆ

ಸ್ಟಾರ್ ಯಾವ ಕಾಲಂನಲ್ಲಿದೆ? ಸಾಲಿನ ಶುರುವಿಗೆ ಹೋಗಿ, ಮೊದಲನೇ ಕಾಲಂನಲ್ಲಿ ಸ್ಟಾರ್ ಒತ್ತಿದ್ದೀರಾ? ಅದು 1 ರಿಂದ 6ರ ಜಾಗ. ಅಲ್ಲಿ ಸ್ಟಾರ್ ಇದ್ದರೇನು, ನಿಮ್ಮ ಹೆಸರಿದ್ದರೇನು, ಕಂಪೈಲರ್ ನೋಡಲ್ಲ. ಸಾಲು ಪೂರ್ತಿ ಒಂದು ಕಾಲಂ ಬಲಕ್ಕೆ ಸರಿದಿರುತ್ತದೆ, ಏಳನೇ ಕಾಲಂ ಖಾಲಿಯೇ ಇರುತ್ತದೆ, ಕೋಡ್ ಆರಾಮಾಗಿ ಓಡುತ್ತದೆ. ಮೊದಲ ಕಾಲಂನ ಸ್ಟಾರನ್ನು ಕಾಮೆಂಟ್ ಅಂತ ಒಪ್ಪುವ ಆಯ್ಕೆ ಕೆಲವು ಕಂಪೈಲರ್‌ಗಳಲ್ಲಿದೆ. ಅದನ್ನು ನಂಬಿ ಬರೆದ ಕೋಡ್ ಬೇರೆ ಕಂಪೈಲರ್‌ಗೆ ಹೋದ ದಿನ, ಸತ್ತಿದ್ದ ಸಾಲುಗಳೆಲ್ಲ ಎದ್ದು ಕೂರುತ್ತವೆ.

ಎಡಿಟರ್‌ನ ಕಾಮೆಂಟ್ ಶಾರ್ಟ್‌ಕಟ್ ಒತ್ತಿದಿರಾ? ಫೈಲನ್ನು ಅದು ಕೋಬಾಲ್ ಅಂತ ಗುರುತಿಸಿಲ್ಲ ಅಂದರೆ ಬೇರೆ ಯಾವುದೋ ಭಾಷೆಯ ಚಿಹ್ನೆಯನ್ನು ಸಾಲಿನ ತಲೆಗೆ ಹಾಕಿಬಿಡುತ್ತದೆ. ಕಥೆ ಅದೇ.

ಸ್ಟಾರ್ 8ನೇ ಕಾಲಂನಲ್ಲೋ ಅದರಾಚೆಗೋ ಬಿದ್ದರೆ ಉಲ್ಟಾ ಲಕ್ಷಣ. ಆಗ ಕಂಪೈಲರ್ ಅದನ್ನು ಗುಣಾಕಾರದ ಚಿಹ್ನೆ ಅಂದುಕೊಂಡು ಎರರ್ ಕೊಡುತ್ತದೆ. ಇದು ಒಳ್ಳೆಯದೇ, ಕನಿಷ್ಠ ಗೊತ್ತಾದರೂ ಆಗುತ್ತದೆ.

ಹೊಸ ಶೈಲಿಯ ಕಾಮೆಂಟ್ ಚಿಹ್ನೆ ಎರಡು ಅಕ್ಷರದ್ದು: *> ಅಂತ. ಸಾಲಿನ ಮಧ್ಯದಲ್ಲೂ ಶುರು ಮಾಡಬಹುದು, ಅಲ್ಲಿಂದ ಸಾಲಿನ ಕೊನೆಯವರೆಗೆ ಕಾಮೆಂಟ್. ಕೋಡ್ ಆದಮೇಲೆ ಒಂದು ಸ್ಪೇಸ್ ಬಿಟ್ಟೇ ಹಾಕಿ. ಕೋಟ್ ಒಳಗೆ ಬಂದರೆ ಅದು ಕಾಮೆಂಟ್ ಅಲ್ಲ, ಬರೀ ಪಠ್ಯ. ಫ್ರೀ ಫಾರ್ಮ್ಯಾಟ್‌ನಲ್ಲಿ ಏಳನೇ ಕಾಲಂಗೆ ವಿಶೇಷ ಅರ್ಥ ಇಲ್ಲ, ಅಲ್ಲಿ ಈ ಜೋಡಿ ಚಿಹ್ನೆಯನ್ನೇ ಬಳಸಿ. ಹಳೆಯ ಫೈಲನ್ನು ಫ್ರೀಗೆ ಬದಲಾಯಿಸುವಾಗ ಒಂಟಿ ಸ್ಟಾರ್‌ಗಳನ್ನೆಲ್ಲ ಬದಲಾಯಿಸಬೇಕು. ಇಲ್ಲದಿದ್ದರೆ ಮೇಲೆ ಹೇಳಿದ ಎರರ್ ಮಳೆಯೇ.

ಲಕ್ಷಣ: ಸಾಲು ಬರೆದಿದ್ದೇನೆ, ಓಡುತ್ತಿಲ್ಲ, ಎರರ್ ಕೂಡ ಇಲ್ಲ

ನನ್ನ ಮಟ್ಟಿಗೆ ಕೋಬಾಲ್‌ನ ಅತಿ ತುಂಟ ದೋಷ ಇದು. ಒಂದು ಡಿಸ್‌ಪ್ಲೇ ಸಾಲು ಬರೆದಿದ್ದೀರಿ. ಪರದೆಯ ಮೇಲೆ ಏನೂ ಬರಲ್ಲ. ಕಂಪೈಲ್ ಮಾತ್ರ ನೀಟಾಗಿ ಆಗಿದೆ.

ಸಾಲು ಏಳನೇ ಕಾಲಂನಲ್ಲಿ ಶುರುವಾಗಿದೆಯಾ ನೋಡಿ. ಡಿಸ್‌ಪ್ಲೇ ಪದದ ಮೊದಲ ಇಂಗ್ಲಿಷ್ ಅಕ್ಷರ ಯಾವುದು? ಡಿ. ಏಳನೇ ಕಾಲಂನಲ್ಲಿ ಡಿ ಇದ್ದರೆ ಅದು ಡೀಬಗ್ ಸಾಲು. ಡೀಬಗ್ಗಿಂಗ್ ಮೋಡ್ ಹಾಕದೆ ಕಂಪೈಲ್ ಮಾಡಿದರೆ ಆ ಇಡೀ ಸಾಲು ಕಾಮೆಂಟಿಗೆ ಸಮ. ಮೂವ್ ಸಾಲು ಇದೇ ಜಾಗದಲ್ಲಿ ಶುರುವಾದರೆ ತಪ್ಪು ಸೂಚಕ ಅಂತ ಎರರ್ ಬರುತ್ತದೆ. ಡಿಸ್‌ಪ್ಲೇ, ಡಿವೈಡ್‌ನಂಥ ಡಿ ಪದಗಳು ಮಾತ್ರ ಸದ್ದಿಲ್ಲದೆ ಮಾಯ. ಒಂದೇ ತಪ್ಪು, ಪದಕ್ಕೆ ತಕ್ಕ ಹಾಗೆ ಎರಡು ಲಕ್ಷಣ. ಸಾಲನ್ನು 12ನೇ ಕಾಲಂಗೆ ಸರಿಸಿ, ಮುಗಿಯಿತು.

ಅಲ್ಲೂ ಸರಿಯಿದೆ ಅಂದರೆ ಒಂದು ಉಪಾಯ ಮಾಡಿ. ಅನುಮಾನ ಇರುವ ಸಾಲಿನಲ್ಲಿ ಬೇಕಂತಲೇ ಒಂದು ಕಾಗುಣಿತ ತಪ್ಪು ಮಾಡಿ. ಡಿಸ್‌ಪ್ಲೇ ಅನ್ನೋದನ್ನು ಅರ್ಥವಿಲ್ಲದ ಯಾವುದೋ ಪದಕ್ಕೆ ಬದಲಾಯಿಸಿ ಕಂಪೈಲ್ ಮಾಡಿ. ಎರರ್ ಬಂದರೆ ಕಂಪೈಲರ್ ಆ ಸಾಲನ್ನು ಓದುತ್ತಿದೆ, ಹಾಗಾದರೆ ತೊಂದರೆ ಪ್ರೋಗ್ರಾಂ ಓಡುವ ದಾರಿಯಲ್ಲಿದೆ. ಎರರ್ ಬರಲಿಲ್ಲ ಅಂದರೆ ಅದು ಆ ಸಾಲನ್ನು ಓದುತ್ತಲೇ ಇಲ್ಲ. ಅಥವಾ ನೀವು ತಿದ್ದುತ್ತಿರುವ ಫೈಲ್ ಒಂದು, ಕಂಪೈಲ್ ಆಗುತ್ತಿರುವ ಫೈಲ್ ಇನ್ನೊಂದು. ನಗಬೇಡಿ, ಇದು ಜಾಸ್ತಿ ಆಗುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ತಪ್ಪನ್ನು ಸರಿ ಮಾಡಲು ಮರೆಯಬೇಡಿ.

ಲಕ್ಷಣ: ಉತ್ತರದಲ್ಲಿ ಅಂಕಿ ಕಡಿಮೆ

ಮೊದಲು ಯಾವ ಕಡೆಯ ಅಂಕಿ ಹೋಗಿದೆ ನೋಡಿ. ಅದರಲ್ಲೇ ಅರ್ಧ ಉತ್ತರ ಇದೆ.

ತಲೆಯ ಅಂಕಿ ಹೋಗಿದ್ದರೆ, ಅಂದರೆ 1234 ಇರಬೇಕಾದಲ್ಲಿ 234 ಬಂದಿದ್ದರೆ, ವೇರಿಯಬಲ್‌ನ (ಬೆಲೆ ಇಡುವ, ಹೆಸರಿಟ್ಟ ಜಾಗ) ಅಳತೆ ಚಿಕ್ಕದು. ಪಿಕ್ 9(3) ಅಂತ ಬರೆದ ಜಾಗಕ್ಕೆ, ಅಂದರೆ 3 ಅಂಕಿಯ ಜಾಗಕ್ಕೆ, 4 ಅಂಕಿಯ ಸಂಖ್ಯೆಯನ್ನು ಮೂವ್ ಮಾಡಿದರೆ ಎಡಗಡೆಯ ಅಂಕಿ ಕತ್ತರಿಸಿಹೋಗುತ್ತದೆ. ಪ್ರೋಗ್ರಾಂ ನಿಲ್ಲಲ್ಲ, ಏನೂ ಹೇಳಲ್ಲ. ಪಠ್ಯದಲ್ಲಿ ಇದು ಉಲ್ಟಾ. ಪಿಕ್ ಎಕ್ಸ್(5)ಗೆ, ಅಂದರೆ 5 ಅಕ್ಷರದ ಜಾಗಕ್ಕೆ, ಉದ್ದದ ಪದ ಹಾಕಿದರೆ ಬಲಗಡೆಯದು ಹೋಗುತ್ತದೆ. ಪಿಕ್ ದೊಡ್ಡದು ಮಾಡಿ. ಕಂಪ್ಯೂಟ್, ಆಡ್ ಇರುವ ಕಡೆ ಆನ್ ಸೈಜ್ ಎರರ್ ಸೇರಿಸಿದರೆ ಜಾಗ ಸಾಲದಿದ್ದಾಗ ಏನು ಮಾಡಬೇಕು ಅಂತ ನೀವೇ ಹೇಳಬಹುದು.

ಉತ್ತರ ಸರಿಯಾಗಿ ಹತ್ತನೇ ಒಂದು ಭಾಗ ಬಂದಿದೆಯಾ? ಹಾಗಾದರೆ ಕೋಡ್‌ನ ಸಾಲು 72 ದಾಟಿದೆಯಾ ನೋಡಿ. ಹೀಗೊಂದು ಸಾಲು ಇದೆ ಅಂದುಕೊಳ್ಳಿ:

ಕಂಪ್ಯೂಟ್ ಡಬ್ಲ್ಯುಎಸ್-ಒಟ್ಟು = ಡಬ್ಲ್ಯುಎಸ್-ಸಂಖ್ಯೆ * 1250

ಹೆಸರುಗಳು ಉದ್ದ ಆಗಿ, 1250ರ 5 ಹೋಗಿ 72ನೇ ಕಾಲಂನಲ್ಲಿ ಕೂತಿದೆ. ಕೊನೆಯ ಸೊನ್ನೆ 73ರಲ್ಲಿ. ಎಡಿಟರ್‌ನಲ್ಲಿ ನಿಮಗೆ 1250 ಅಂತಲೇ ಕಾಣುತ್ತದೆ. ಕಂಪೈಲರ್ ಓದುವುದು 125. ವ್ಯಾಕರಣದಲ್ಲಿ ಯಾವ ತಪ್ಪೂ ಇಲ್ಲ, ಹಾಗಾಗಿ ಎರರ್ ಯಾಕೆ ಬರಬೇಕು? ಪರದೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಸಿಗಲ್ಲ, ಯಾಕಂದ್ರೆ ಪರದೆಯ ಮೇಲೆ ಎಲ್ಲ ಸರಿಯಾಗಿದೆ. 72ರ ಗೆರೆ ಹಾಕಿಕೊಳ್ಳಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಗೆರೆ ದಾಟುವ ಸಾಲನ್ನು ಸಮ ಚಿಹ್ನೆಯ ಹತ್ತಿರ ಮುರಿದು ಕೆಳಗಿನ ಸಾಲಿಗೆ ತನ್ನಿ. ಪದಗಳ ನಡುವೆ ಮುರಿದರೆ ಕೋಬಾಲ್‌ಗೆ ಯಾವ ಮುಂದುವರಿಕೆ ಚಿಹ್ನೆಯೂ ಬೇಡ.

ಸಾಲಿನ ಕೊನೆಯ ಫುಲ್‌ಸ್ಟಾಪ್ 73ಕ್ಕೆ ಬಿದ್ದರೂ ಇದೇ ಗತಿ. ಕಣ್ಣಿಗೆ ಕಾಣುವ, ಆದರೆ ಇಲ್ಲದ ಫುಲ್‌ಸ್ಟಾಪ್ ಅದು. ಅದರಿಂದ ಏನಾಗುತ್ತದೆ ಅನ್ನೋದು ಇಫ್‌ನ ಭಾಗದಲ್ಲಿದೆ.

ಲಕ್ಷಣ: ವೇರಿಯಬಲ್ ಇದೆ, ಆದರೂ ಡಿಫೈನ್ ಆಗಿಲ್ಲ ಅಂತಿದೆ

ಎರರ್‌ನಲ್ಲಿ ಬಂದ ಹೆಸರನ್ನು ಅಕ್ಷರ ಅಕ್ಷರ ಓದಿ. ಅದು ಎರಡು ಹೆಸರು ಸೇರಿದ ಹಾಗೆ ಕಾಣುತ್ತಿದ್ದರೆ ಕಾರಣ ಹೈಫನ್. ಕೋಬಾಲ್‌ನಲ್ಲಿ ಹೆಸರಿನ ಒಳಗೇ ಹೈಫನ್ ಬರಬಹುದು. ಹಾಗಾಗಿ ‘ಒಟ್ಟು-ತೆರಿಗೆ’ ಅಂತ ಬಿಡದೆ ಬರೆದರೆ ಅದು ಕಳೆಯುವ ಲೆಕ್ಕ ಅಲ್ಲ, ಒಟ್ಟು-ತೆರಿಗೆ ಅನ್ನೋ ಹೆಸರಿನ ಒಂದು ವೇರಿಯಬಲ್. ಕಳೆಯಬೇಕಾದರೆ ಮೈನಸ್‌ನ ಎರಡೂ ಬದಿಗೆ ಸ್ಪೇಸ್ ಬೇಕು. ಉಳಿದ ಚಿಹ್ನೆಗಳಿಗೂ ಹಾಗೇ ರೂಢಿ ಮಾಡಿಕೊಳ್ಳಿ. ಕೆಲವು ಕಂಪೈಲರ್ ಸಡಿಲ ಬಿಡುತ್ತವೆ, ಎಲ್ಲವೂ ಬಿಡಲ್ಲ.

ಅದಲ್ಲದಿದ್ದರೆ ಓ ಅಕ್ಷರವೋ ಸೊನ್ನೆಯೋ ನೋಡಿ. ಆಮೇಲೆ ಮೀಸಲು ಪದ. ಡೇಟ್, ಟೈಮ್, ಕೌಂಟ್, ಲೆಂಗ್ತ್, ಸ್ಟೇಟಸ್ ಇವೆಲ್ಲ ಭಾಷೆ ತನಗೇ ಇಟ್ಟುಕೊಂಡ ಪದಗಳು, ವೇರಿಯಬಲ್‌ಗೆ ಇಡುವಂತಿಲ್ಲ. ಕೋಬಾಲ್‌ನ ಮೀಸಲು ಪದಗಳ ಪಟ್ಟಿ ನೂರಾರು ಪದಗಳಷ್ಟು ಉದ್ದ, ಬಾಯಿಪಾಠ ಮಾಡುವ ಗೊಡವೆ ಬೇಡ. ಹೆಸರಿನ ಶುರುವಿಗೆ ಡಬ್ಲ್ಯುಎಸ್- ಅಂತ ಸೇರಿಸಿಬಿಡಿ. ವರ್ಕಿಂಗ್-ಸ್ಟೋರೇಜ್‌ನಲ್ಲಿರುವ ವೇರಿಯಬಲ್ ಅಂತ ಓದುವವರಿಗೂ ಗೊತ್ತಾಗುತ್ತದೆ, ಮೀಸಲು ಪದಕ್ಕೆ ಡಿಕ್ಕಿ ಹೊಡೆಯುವ ಭಯವೂ ಇರಲ್ಲ. ಹೆಸರು 30 ಅಕ್ಷರದ ಒಳಗಿರಲಿ, ಹೈಫನ್‌ನಿಂದ ಶುರುವಾಗಬಾರದು, ಹೈಫನ್‌ನಿಂದ ಮುಗಿಯಲೂಬಾರದು.

ಲಕ್ಷಣ: ಇಫ್ ಷರತ್ತು ಸುಳ್ಳಾದರೂ ಒಳಗಿನ ಸಾಲು ಓಡುತ್ತದೆ, ಅಥವಾ ಹೊರಗಿನ ಸಾಲು ಓಡುತ್ತಿಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ದುಡ್ಡಿನ ಲೆಕ್ಕ ಸದ್ದಿಲ್ಲದೆ ತಪ್ಪುವುದು ಇಂಥ ಕಡೆಯೇ.

ಇಫ್ ಡಬ್ಲ್ಯುಎಸ್-ಬಾಕಿ > 0
    ಡಿಸ್‌ಪ್ಲೇ 'ಬಾಕಿ ಇದೆ'.
    ಪರ್ಫಾರ್ಮ್ ನೋಟಿಸ್-ಕಳಿಸು.

ಒಳಕ್ಕೆ ಸರಿಸಿ ಬರೆದಿರುವುದರಿಂದ ಎರಡೂ ಸಾಲು ಇಫ್ ಒಳಗಿವೆ ಅಂತ ಕಣ್ಣು ನಂಬುತ್ತದೆ. ಕಂಪೈಲರ್ ಇಂಡೆಂಟ್ ನೋಡಲ್ಲ, ಫುಲ್‌ಸ್ಟಾಪ್ ನೋಡುತ್ತದೆ. ಡಿಸ್‌ಪ್ಲೇ ಆದಮೇಲೆ ಫುಲ್‌ಸ್ಟಾಪ್ ಬಂತು, ಇಫ್ ಅಲ್ಲಿಗೇ ಮುಗಿಯಿತು. ಪರ್ಫಾರ್ಮ್ ಅಂದರೆ ಆ ಹೆಸರಿನ ಪ್ಯಾರಾವನ್ನು ಓಡಿಸು ಅಂತ. ಹಾಗಾಗಿ ನೋಟಿಸ್ ಬಾಕಿ ಇಲ್ಲದವರಿಗೂ ಹೋಗುತ್ತದೆ.

ಉಲ್ಟಾ ಕೂಡ ಅಷ್ಟೇ ಕೆಟ್ಟದು. ಇಫ್ ಮುಗಿಯಬೇಕಾದ ಕಡೆ ಫುಲ್‌ಸ್ಟಾಪ್ ಇಲ್ಲದಿದ್ದರೆ ಕೆಳಗಿನ ಸಾಲುಗಳು, ಮುಂದಿನ ಫುಲ್‌ಸ್ಟಾಪ್ ಸಿಗುವವರೆಗೆ, ಇಫ್ ಹೊಟ್ಟೆಯೊಳಗೆ ಸೇರುತ್ತವೆ. ಎಲ್ಲರಿಗೂ ನಡೆಯಬೇಕಾದ ಕೆಲಸ ಕೆಲವರಿಗೆ ಮಾತ್ರ ನಡೆಯುತ್ತದೆ. ಕೆಲವು ರೆಕಾರ್ಡ್‌ಗೆ ಸರಿ, ಕೆಲವಕ್ಕೆ ತಪ್ಪು ಅನ್ನೋ ದೂರು ಬಂದರೆ ಮೊದಲ ಅನುಮಾನ ಇದರ ಮೇಲಿರಲಿ.

ಈಗ ಕಾಮೆಂಟ್ ಹೇಗೆ ಕೆಡಿಸುತ್ತದೆ ನೋಡಿ:

ಇಫ್ ಡಬ್ಲ್ಯುಎಸ್-ವಿಧ = 'ಎ'
    ಮೂವ್ 5 ಟು ಡಬ್ಲ್ಯುಎಸ್-ದರ
    ಡಿಸ್‌ಪ್ಲೇ 'ದರ ಬದಲಾಯಿತು'.
ಆಡ್ 1 ಟು ಡಬ್ಲ್ಯುಎಸ್-ಎಣಿಕೆ.

ಕೋಡ್ ಸರಿಯಾಗಿದೆ. ಎಣಿಕೆ ಎಲ್ಲ ರೆಕಾರ್ಡ್‌ಗೂ ಒಂದೊಂದು ಏರುತ್ತದೆ. ಪರೀಕ್ಷೆ ಮುಗಿಯಿತು, ಇನ್ನು ಡಿಸ್‌ಪ್ಲೇ ಯಾಕೆ ಅಂತ ಆ ಒಂದು ಸಾಲಿನ ಏಳನೇ ಕಾಲಂಗೆ ಸ್ಟಾರ್ ಹಾಕುತ್ತೀರಿ. ಸಂದೇಶ ಹೋಯಿತು, ಜೊತೆಗೆ ಅದರ ಫುಲ್‌ಸ್ಟಾಪೂ ಹೋಯಿತು. ಈಗ ಆಡ್ ಸಾಲು ಇಫ್ ಒಳಗೆ. ವಿಧ 'ಎ' ಇದ್ದರೆ ಮಾತ್ರ ಎಣಿಕೆ ಏರುತ್ತದೆ. ಕಂಪೈಲರ್ ಒಂದು ಮಾತೂ ಆಡಲ್ಲ. ‘ಸುಮ್ನೆ ಒಂದು ಡಿಸ್‌ಪ್ಲೇ ತೆಗೆದೆ, ಅಷ್ಟೇ’ ಅನ್ನೋ ಬದಲಾವಣೆ ಆದಮೇಲೆ ವರದಿ ತಪ್ಪಿದರೆ ಆ ಸಾಲಿನ ಕೊನೆಯಲ್ಲಿ ಏನಿತ್ತು ಅಂತ ನೋಡಿ.

ಪರಿಹಾರ ಎರಡು, ಎರಡನ್ನೂ ಒಟ್ಟಿಗೆ ಮಾಡಿ. ಮೊದಲನೆಯದು ಎಂಡ್-ಇಫ್. 1985ರ ಸ್ಟ್ಯಾಂಡರ್ಡ್‌ನಿಂದ ಇದು ಭಾಷೆಯಲ್ಲಿದೆ. ಇದರ ಲಾಭ ಬರೀ ಅಂದ ಅಲ್ಲ. ಇಫ್ ಮತ್ತು ಎಂಡ್-ಇಫ್ ನಡುವೆ ಕೈತಪ್ಪಿ ಫುಲ್‌ಸ್ಟಾಪ್ ಬಿದ್ದರೆ, ಜೋಡಿಯಿಲ್ಲದ ಎಂಡ್-ಇಫ್ ಕಂಡು ಕಂಪೈಲರ್ ಎರರ್ ಕೊಡುತ್ತದೆ. ಮೂಕ ದೋಷಕ್ಕೆ ಬಾಯಿ ಬರುತ್ತದೆ. ಎರಡನೆಯದು, ಪ್ರೊಸೀಜರ್ ಡಿವಿಷನ್‌ನಲ್ಲಿ (ಓಡುವ ಸಾಲುಗಳಿರುವ ಭಾಗ) ಸಾಲು ಸಾಲಿಗೆ ಫುಲ್‌ಸ್ಟಾಪ್ ಹಾಕುವುದನ್ನೇ ಬಿಡಿ. ಪ್ಯಾರಾ ಹೆಸರು ಆದಮೇಲೆ ಒಂದು, ಪ್ಯಾರಾದ ಕೊನೆಯಲ್ಲಿ ಒಂದು. ಕೊನೆಯದನ್ನು 12ನೇ ಕಾಲಂನಲ್ಲಿ ಒಂಟಿಯಾಗಿ, ಅದರದೇ ಸಾಲಿನಲ್ಲಿ ಇಡಿ. ನೋಡಲು ವಿಚಿತ್ರ ಅನಿಸುತ್ತದೆ, ಆದರೆ ಯಾವ ಸಾಲನ್ನು ಕಾಮೆಂಟ್ ಮಾಡಿದರೂ ಅದು ತನ್ನ ಜೊತೆ ಫುಲ್‌ಸ್ಟಾಪ್ ಎತ್ತಿಕೊಂಡು ಹೋಗಲ್ಲ.

ಇಫ್ ಒಳಗಿನ ಎಲ್ಲ ಸಾಲನ್ನೂ ಕಾಮೆಂಟ್ ಮಾಡಬೇಕಾಗಿ ಬಂದರೆ ಅಲ್ಲಿ ಕಂಟಿನ್ಯೂ ಅಂತ ಬರೆಯಿರಿ. ‘ಏನೂ ಮಾಡಬೇಡ’ ಅನ್ನೋದಕ್ಕೆ ಇರುವ ಪದ ಅದು. ಹಳೆಯ ಕೋಡ್‌ನಲ್ಲಿ ಅದೇ ಜಾಗದಲ್ಲಿ ನೆಕ್ಸ್ಟ್ ಸೆಂಟೆನ್ಸ್ ಕಾಣಬಹುದು. ಎರಡೂ ಒಂದೇ ಅಂತ ತಿಳಿಯಬೇಡಿ. ನೆಕ್ಸ್ಟ್ ಸೆಂಟೆನ್ಸ್ ಹಾರುವುದು ಮುಂದಿನ ಫುಲ್‌ಸ್ಟಾಪ್ ದಾಟಿ. ಹಳೆಯ ಪ್ಯಾರಾದ ಫುಲ್‌ಸ್ಟಾಪ್‌ಗಳನ್ನು ತೆಗೆದು ಚೊಕ್ಕ ಮಾಡಲು ಹೋದರೆ ಅದು ಹಾರುವ ದೂರವೇ ಬದಲಾಗುತ್ತದೆ. ಅದು ಇರುವ ಪ್ಯಾರಾವನ್ನು ಒಬ್ಬರೇ ಚೊಕ್ಕ ಮಾಡಬೇಡಿ, ಅನುಭವ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಲಕ್ಷಣ: ಕೆಳಗಿನ ಪ್ಯಾರಾ ಒಂದು ಸಲ ಹೆಚ್ಚು ಓಡುತ್ತದೆ

ಮುಖ್ಯ ಪ್ಯಾರಾದ ಕೊನೆಯಲ್ಲಿ ಸ್ಟಾಪ್ ರನ್ ಇದೆಯಾ? ಇಲ್ಲ ಅಂದರೆ ಪ್ರೋಗ್ರಾಂ ಅಲ್ಲಿ ನಿಲ್ಲಲ್ಲ, ಕೆಳಗಿನ ಪ್ಯಾರಾಕ್ಕೆ ಜಾರುತ್ತದೆ. ಪರ್ಫಾರ್ಮ್‌ನಿಂದ ಒಂದು ಸಲ, ಜಾರಿದ್ದರಿಂದ ಇನ್ನೊಂದು ಸಲ. ಬೇರೆ ಪ್ರೋಗ್ರಾಂನಿಂದ ಕರೆಸಿಕೊಳ್ಳುವ ಪ್ರೋಗ್ರಾಂ ಆದರೆ ಗೋಬ್ಯಾಕ್ ಹಾಕಿ. ಸ್ಟಾಪ್ ರನ್ ಹಾಕಿದರೆ ಕರೆದವರನ್ನೂ ಸೇರಿಸಿ ನಿಲ್ಲಿಸಿಬಿಡುತ್ತದೆ.

ಲಕ್ಷಣ: ಪ್ರಿಂಟ್ ಆದ ವಾಕ್ಯದ ಮಧ್ಯೆ ದೊಡ್ಡ ಖಾಲಿ ಜಾಗ

ಉದ್ದದ ಪಠ್ಯವನ್ನು ಏಳನೇ ಕಾಲಂನ ಹೈಫನ್‌ನಿಂದ ಮುಂದುವರಿಸಿರುತ್ತೀರಿ. ಕೋಟ್ ಮುಚ್ಚದೆ ಸಾಲು ಮುಗಿಸಿದರೆ 72ನೇ ಕಾಲಂವರೆಗಿನ ಸ್ಪೇಸ್ ಎಲ್ಲ ಪಠ್ಯಕ್ಕೇ ಸೇರುತ್ತದೆ. ಈ ಹೈಫನ್ ಸಹವಾಸವೇ ಬೇಡ ಅಲ್ವಾ? ಡಿಸ್‌ಪ್ಲೇಗೆ ಒಂದರ ಪಕ್ಕ ಒಂದು ಎರಡು ಚಿಕ್ಕ ಪಠ್ಯ ಕೊಡಿ, ತಾನೇ ಅಂಟಿಸಿ ತೋರಿಸುತ್ತದೆ.

ಲಕ್ಷಣ: ಕಾಮೆಂಟ್ ಒಂದು ಹೇಳುತ್ತದೆ, ಕೋಡ್ ಇನ್ನೊಂದು ಮಾಡುತ್ತದೆ

ಯಾವುದನ್ನು ನಂಬಬೇಕು? ಓಡುವುದು ಕೋಡ್, ಹಾಗಾಗಿ ಈಗ ಏನಾಗುತ್ತಿದೆ ಅನ್ನೋದಕ್ಕೆ ಕೋಡನ್ನೇ ನಂಬಿ. ಆದರೆ ಏನಾಗಬೇಕಿತ್ತು ಅನ್ನೋದಕ್ಕೆ ಕಾಮೆಂಟೇ ಸಾಕ್ಷಿ ಇರಬಹುದು. ದರ 5 ಅಂತ ಕಾಮೆಂಟ್, 7 ಅಂತ ಕೋಡ್ ಇದ್ದರೆ ಎರಡರಲ್ಲಿ ಒಂದು ಬದಲಾಗುವಾಗ ಇನ್ನೊಂದನ್ನು ಮರೆತಿದ್ದಾರೆ. ಯಾವುದು ಅಂತ ಊಹಿಸಿ ತಿದ್ದಬೇಡಿ. ನಿಯಮ ಗೊತ್ತಿರುವವರನ್ನು ಕೇಳಿ.

ನೀವು ಬರೆಯುವಾಗ ಈ ಜಗಳ ಹುಟ್ಟದ ಹಾಗೆ ಬರೆಯಿರಿ. ‘ಎಣಿಕೆಗೆ 1 ಕೂಡಿಸು’ ಅಂತ ಕಾಮೆಂಟ್ ಬೇಡ. ಕೋಬಾಲ್‌ನ ಸಾಲು ಓದಿದರೇ ಅದು ಗೊತ್ತಾಗುತ್ತದೆ. ಯಾಕೆ ಕೂಡಿಸಬೇಕು, ಯಾವ ರೆಕಾರ್ಡ್ ಬಿಡಬೇಕು, ಯಾರ ನಿಯಮ ಅನ್ನೋದನ್ನು ಬರೆಯಿರಿ. ಪ್ರೋಗ್ರಾಂನ ತಲೆಯಲ್ಲಿ ನಾಲ್ಕೈದು ಸಾಲು ಸಾಕು: ಏನು ಮಾಡುತ್ತದೆ, ಯಾವ ಫೈಲ್ ಓದುತ್ತದೆ, ಯಾವುದನ್ನು ಬರೆಯುತ್ತದೆ, ಬದಲಾವಣೆಯ ದಿನಾಂಕ ಮತ್ತು ಕಾರಣ. ಪ್ರತಿ ಪ್ಯಾರಾದ ಮೇಲೆ ಒಂದು ಸಾಲಿನ ಕಾಮೆಂಟ್ ಇದ್ದರೆ ಹುಡುಕುವವರಿಗೆ ಪುಣ್ಯ.

ಹಳೆಯ ಪ್ರೋಗ್ರಾಂಗಳಲ್ಲಿ ಆಥರ್, ಡೇಟ್-ರಿಟನ್ ಅಂತ ಪ್ಯಾರಾಗಳು ಕಾಣುತ್ತವೆ. 1985ರಲ್ಲೇ ಅವನ್ನು ಬಳಕೆ ತಪ್ಪುವವು ಅಂತ ಗುರುತಿಸಿ, 2002ರ ಸ್ಟ್ಯಾಂಡರ್ಡ್‌ನಲ್ಲಿ ತೆಗೆದುಹಾಕಿದರು. ಹೊಸ ಕೋಡ್‌ನಲ್ಲಿ ಆ ಮಾಹಿತಿಯನ್ನು ಮಾಮೂಲಿ ಕಾಮೆಂಟಾಗಿ ಬರೆಯಿರಿ. 1 ರಿಂದ 6 ಅಥವಾ 73 ರಿಂದ 80ರಲ್ಲಿ ಬದಲಾವಣೆಯ ಗುರುತು ಹಾಕುವ ರೂಢಿ ಹಲವು ಕಡೆ ಇದೆ. ನಿಮ್ಮ ತಂಡದಲ್ಲಿ ಇದ್ದರೆ ಪಾಲಿಸಿ, ಅವರ ಗುರುತುಗಳನ್ನು ಕಸ ಅಂತ ಅಳಿಸಬೇಡಿ.

ಕಾಮೆಂಟ್ ಮಾಡಿಟ್ಟ ಹಳೆಯ ಕೋಡ್ ಬಗ್ಗೆ ನನ್ನದು ಸ್ವಲ್ಪ ಕಟು ಅಭಿಪ್ರಾಯ. ಹಳೆಯ ಪ್ರತಿಗಳು ಬೇರೆ ಕಡೆ ಉಳಿಯುವ ವ್ಯವಸ್ಥೆ ಇದ್ದರೆ ಅದನ್ನು ತೆಗೆದುಬಿಡಿ. ಮೂರು ಪುಟ ಸ್ಟಾರ್‌ಗಳ ನಡುವೆ ಜೀವ ಇರುವ ಎರಡು ಸಾಲನ್ನು ಹುಡುಕುವ ಕಷ್ಟ ಯಾರಿಗೂ ಬೇಡ.

ಇಲ್ಲಿಗೆ ಸಾಕು, ಸಹಾಯ ಕೇಳಿ

ದೋಷ ಕಾಪಿಬುಕ್ ಒಳಗಿದೆ ಅಂತ ಕಂಡರೆ ನಿಲ್ಲಿ. ಕಾಪಿ ಅನ್ನೋ ಸಾಲಿನಿಂದ ಒಳಬರುವ ಆ ಫೈಲನ್ನು ಬೇರೆ ಪ್ರೋಗ್ರಾಂಗಳೂ ಬಳಸುತ್ತಿರುತ್ತವೆ. ನಿಮ್ಮದನ್ನು ಸರಿ ಮಾಡಲು ಹೋಗಿ ಒಂದು ಅಕ್ಷರದಷ್ಟು ಉದ್ದ ಬದಲಾಯಿಸಿದರೂ ಬೇರೆಯವರ ರೆಕಾರ್ಡ್‌ಗಳು ಸರಿದುಹೋಗುತ್ತವೆ. ಎರರ್‌ನ ಸಾಲಿನ ಸಂಖ್ಯೆ ನಿಮ್ಮ ಫೈಲಿಗೆ ತಾಳೆ ಆಗುತ್ತಿಲ್ಲ ಅಂದರೆ ಅದು ಕಾಪಿಬುಕ್‌ನ ಸಾಲಿರಬಹುದು.

ಮೇನ್‌ಫ್ರೇಮ್‌ನಲ್ಲಿ ಕಂಪೈಲ್ ಸರಿಯಾಗಿ ಆಗಿ, ಓಡುವಾಗ ಎಸ್0ಸಿ7 ಅನ್ನೋ ಎರರ್ ಕೊಟ್ಟು ನಿಂತರೆ ಅದು ಕಾಲಂ, ಫುಲ್‌ಸ್ಟಾಪ್‌ಗಳ ಆಚೆಗಿನ ವಿಷಯ. ಸಂಖ್ಯೆ ಇರಬೇಕಾದ ಜಾಗದಲ್ಲಿ ಸಂಖ್ಯೆಯಲ್ಲದ್ದು ಇದೆ ಅಂತ ಅರ್ಥ. ನೀವು ನೋಡಬಹುದಾದದ್ದು ಒಂದೇ: ಎಣಿಕೆಯ ವೇರಿಯಬಲ್‌ಗೆ ವ್ಯಾಲ್ಯೂ ಝೀರೋ ಕೊಟ್ಟಿದ್ದೀರಾ ಅಂತ. ಕೊಟ್ಟಿದ್ದರೆ ತೊಂದರೆ ಒಳಬಂದ ಡೇಟಾದಲ್ಲಿರಬಹುದು. ಡೇಟಾ ಫೈಲನ್ನು ತೆರೆದು ಕೈಯಲ್ಲಿ ತಿದ್ದಬೇಡಿ.

ನಿಜವಾದ ಲೆಕ್ಕ ನಡೆಯುವ ಸಿಸ್ಟಂ ಮೇಲೆ ಪ್ರಯೋಗ ಮಾಡಲೇಬೇಡಿ. ಬೇಕಂತಲೇ ತಪ್ಪು ಮಾಡಿ ನೋಡುವ ಉಪಾಯವೂ ಪರೀಕ್ಷೆಯ ಪ್ರತಿಯಲ್ಲಿ ಮಾತ್ರ. ಡಿಸ್‌ಪ್ಲೇ ಹಾಕಿ ಹುಡುಕುವಾಗ ಖಾತೆ ಸಂಖ್ಯೆ, ಸಂಬಳದಂಥ ಮಾಹಿತಿಯನ್ನು ಲಾಗ್‌ಗೆ ಬಿಡಬೇಡಿ, ಅದನ್ನು ಯಾರು ಬೇಕಾದರೂ ಓದಬಹುದು.

ಸಹಾಯ ಕೇಳಲು ಹೋಗುವಾಗ ಎರರ್‌ನ ಫೋಟೋ ಮಾತ್ರ ತೋರಿಸಿದರೆ ಕಾಲಂ ಎಣಿಸಲು ಆಗಲ್ಲ. ಕಂಪೈಲ್ ಲಿಸ್ಟಿಂಗ್ ಇಡಿಯಾಗಿ ಕೊಡಿ. ಜೊತೆಗೆ ಕಂಪೈಲರ್‌ನ ಹೆಸರು, ಕೊಟ್ಟ ಆಯ್ಕೆಗಳು, ಫಿಕ್ಸೆಡ್ಡೋ ಫ್ರೀಯೋ ಅನ್ನೋದು, ಕೊನೆಯದಾಗಿ ಯಾವ ಸಾಲು ಮುಟ್ಟಿದಿರಿ ಅನ್ನೋದು. ಬರೀ ಕಾಮೆಂಟ್ ಮುಟ್ಟಿದ್ದು ಅಂತಿದ್ದರೆ ಅದನ್ನೂ ಹೇಳಿ.